ಪಾತಾಳಗರಡಿಯ ಪಾಠ

ಹಳ್ಳಿಯಲ್ಲಿ ಹುಟ್ಟಿ ಬೆಳೆದ ವಾಚಕರಿಗೆ ಪಾತಾಳಗರಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಪೇಟೆಯ ನಲ್ಲಿಯ ನೀರನ್ನೇ ಕಂಡು ಬೆಳೆದ ತರುಣರಿಗಾಗಿ ಎರಡು ಮಾತು ಹೇಳುತ್ತೇವೆ. ಸೇದುವ ಬಾವಿಯಲ್ಲಿ ಹಗ್ಗ ಹರಿದು ಕೊಡ ಮುಳುಗಿಹೋದರೆ ಅದನ್ನು ಮೇಲಕ್ಕೆ ತರುವ ಕಬ್ಬಿಣದ ಸಾಧನವೇ ಪಾತಾಳಗರಡಿ. ಒಂದು ದಪ್ಪ ಬಳೆ, ಅದರ ಸುತ್ತ ಜೋತುಬಿದ್ದ ಹತ್ತಾರು ಕೊಕ್ಕೆಗಳು. ಇಷ್ಟೇ ಅದರ ರಚನೆ. ಊರಿನಲ್ಲಿ ಒಂದೆರಡು ಮನೆಗಳಲ್ಲಿ ಮಾತ್ರ ಇರುತ್ತಿದ್ದ ಆ ವಸ್ತುವನ್ನು ಬೇಕಾದವರು ಕೇಳಿ ತರುತ್ತಿದ್ದರು. ಕೆಲಸ ಮುಗಿದ ಮೇಲೆ ತೊಳೆದು ಹಿಂದಿರುಗಿಸುತ್ತಿದ್ದರು. ನಾವು ಚಿಕ್ಕವರಾಗಿದ್ದಾಗ ಒಮ್ಮೆ ಕೊಡವನ್ನು ಬೀಳಿಸಿ, ಆತುರದಿಂದ ಗರಡಿಯನ್ನು ಬಾವಿಗೆ ಎಸೆಯಹೋದೆವು. ಅಜ್ಜಿಯವರು ಕೈ ಹಿಡಿದು ನಿಲ್ಲಿಸಿದರು. “ತಡಿಯೋ ಮಗು, ನೀರು ತಿಳಿಯಾಗಲಿ. ಕೊಡ ಯಾವ ಮಗ್ಗುಲಿಗೆ ಬಿದ್ದಿದೆ ಅಂತ ಮೊದಲು ನೋಡು. ಈ ಹಗ್ಗವೂ ಹರಿದರೆ ಗರಡಿ ತೆಗೆಯೋಕೆ ಇನ್ನೊಂದು ಗರಡಿ ಎಲ್ಲಿಂದ ತರ್ತೀಯ?” ಎಂದರು.

ಈ ಮಾತು ಬಹುಕಾಲ ಮರೆತುಹೋಗಿತ್ತು. ಕಳೆದ ಬೇಸಗೆಯಲ್ಲಿ, ಗುಜರಾತಿನ ತೈಲಕ್ಷೇತ್ರವೊಂದರಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮನ್ನು ಕಾಣಲು ಬಂದಾಗ ಅದು ಮತ್ತೆ ನೆನಪಾಯಿತು. ತೈಲಬಾವಿಗಳಲ್ಲಿ ತುಂಡಾಗಿ ಬಿದ್ದ ತಂತಿಯನ್ನು ಹುಡುಕಿ ತೆಗೆಯುವುದು ತನ್ನ ಕೆಲಸಗಳಲ್ಲೊಂದೆಂದು ಅವನು ವಿವರಿಸಿದ. ಹೊರಡುವಾಗ ನಗುತ್ತ, “ಸಾರ್, ತಂತಿಗೆ ತೂಕ ಕಟ್ಟಿ ಅದು ಎಷ್ಟು ಹಿಗ್ಗುತ್ತದೆಂದು ಅಳೆಯುವುದನ್ನು ನೀವು ಚೆನ್ನಾಗಿ ಕಲಿಸಿದಿರಿ. ಹರಿದರೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ” ಎಂದ. ನಗೆಮಾತೇ ಆದರೂ ಅದು ನಮ್ಮನ್ನು ಚುಚ್ಚಿತು. ಈ ಲೇಖನವು ಆ ಮಾತಿಗೆ ನಾವು ಕೊಡಬಯಸುವ ಉತ್ತರ.

ಬಾವಿಯೊಳಗಣ ತಂತಿ

ತೈಲಬಾವಿಯು ನಾವು ಇಣುಕಿ ನೋಡಬಲ್ಲ ಬಾವಿಯಲ್ಲ. ತೈಲವು ಮೇಲೇರಿ ಬರುವ ಒಳಕೊಳವೆಯ ವ್ಯಾಸವು ಅನೇಕ ಕಡೆ ಅಂಗೈಯಗಲವನ್ನೂ ಮೀರುವುದಿಲ್ಲ. ಆಳವಾದರೋ ೨,೦೦೦ ಅಥವಾ ೩,೦೦೦ ಮೀಟರು. ಕೋಲಾರದ ಚಿನ್ನದ ಗಣಿಯು ೨೦೦೧ರಲ್ಲಿ ಮುಚ್ಚಿದಾಗ ಅದರ ಆಳ ಸುಮಾರು ೩,೨೦೦ ಮೀಟರು ಇದ್ದಿತು. ಆ ಗಣಿಯ ಬಾಯಿಯಿಂದ ತಳದವರೆಗೆ ಒಂದು ಬಳೆಯಷ್ಟು ಅಗಲದ ಕೊಳವೆಯನ್ನು ಇಳಿಬಿಟ್ಟಂತೆ ಕಲ್ಪಿಸಿಕೊಂಡರೆ ತೈಲಬಾವಿಯ ಸ್ವರೂಪ ಮನಸ್ಸಿಗೆ ಬರುತ್ತದೆ. ಅದರೊಳಗೆ ಕತ್ತಲೆ, ಬಿಸಿ, ಕಪ್ಪು ತೈಲ, ಅಧಿಕ ಒತ್ತಡದ ಅನಿಲ.

ಇಂತಹ ಬಾವಿಯ ಒಳಸ್ಥಿತಿಯನ್ನು ತಿಳಿಯಲು ತಂತಿಯೇ ಮುಖ್ಯ ಸಾಧನ. ತಳದ ಒತ್ತಡ ಮತ್ತು ಉಷ್ಣತೆಗಳನ್ನು ಅಳೆಯುವುದು, ಕೊಳವೆಗೆ ಅಂಟಿದ ಮೇಣವನ್ನು ಕೆರೆಯುವುದು, ಒಳಗಿನ ಕವಾಟಗಳನ್ನು ಕೂಡಿಸುವುದು ಅಥವಾ ಕಳಚಿ ತರುವುದು, ಇವೆಲ್ಲವೂ ಒಂಟಿ ಉಕ್ಕಿನ ತಂತಿಯ ತುದಿಗೆ ಕಟ್ಟಿದ ಉಪಕರಣಗಳಿಂದ ನಡೆಯುತ್ತವೆ. ವಿದ್ಯುತ್ ಸಂಕೇತಗಳನ್ನು ಸಾಗಿಸುವ ಹೊಸೆದ ಕೇಬಲುಗಳು ಬೇರೆ ಇವೆ. ೧೯೨೭ರ ಸೆಪ್ಟೆಂಬರ್ ತಿಂಗಳಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಪೆಶೆಲ್‌ಬ್ರಾನ್ ಎಂಬಲ್ಲಿ ಕಾನ್ರಾಡ್ ಮತ್ತು ಮಾರ್ಸೆಲ್ ಶ್ಲುಂಬರ್ಜೆ ಸಹೋದರರ ತಂಡವು ಬಾವಿಯೊಳಕ್ಕೆ ಕೇಬಲನ್ನಿಳಿಸಿ ಶಿಲಾಸ್ತರಗಳ ವಿದ್ಯುತ್ ರೋಧವನ್ನು ಅಳೆದಂದಿನಿಂದ ಬಾವಿಯು ಭೌತವಿಜ್ಞಾನದ ಪ್ರಯೋಗಶಾಲೆಯೂ ಆಯಿತು. ಕಾನ್ರಾಡ್ ಸ್ವತಃ ಭೌತವಿಜ್ಞಾನದ ಅಧ್ಯಾಪಕನಾಗಿದ್ದನೆಂಬುದನ್ನು ನಾವು ಸ್ವಲ್ಪ ಅಭಿಮಾನದಿಂದಲೇ ಇಲ್ಲಿ ಹೇಳಬಹುದು.

ಬಾವಿಯಲ್ಲಿ ವಸ್ತು ಕಳೆಯುವುದೂ ಅದನ್ನು ಅರಸುವುದೂ ತೈಲೋದ್ಯಮಕ್ಕಿಂತ ಹಳೆಯದು. ಚೀನದ ಸಿಚುವಾನ್ ಪ್ರಾಂತದ ಝಿಗೊಂಗ್ ನಗರದಲ್ಲಿ ಉಪ್ಪುನೀರಿಗಾಗಿ ಕೊರೆದ ಶೆನ್‌ಹೈ ಬಾವಿಯು ೧೮೩೫ರಲ್ಲಿ ೧,೦೦೦ ಮೀಟರಿನ ಆಳವನ್ನು ದಾಟಿತು. ಅಲ್ಲಿ ಕೊರೆಯುವ ಉಳಿಯು ಬಿದಿರಿನ ಸೀಳುಗಳ ಹಗ್ಗದಲ್ಲಿ ತೂಗುತ್ತಿತ್ತು. ಹಗ್ಗ ಹರಿದಾಗ ಉಳಿಯನ್ನು ಹಿಡಿದೆತ್ತುವ ಬಗೆಬಗೆಯ ಕೊಕ್ಕೆಗಳನ್ನು ಆ ಕುಶಲಿಗಳು ರೂಪಿಸಿದ್ದರು. ಅಮೆರಿಕದ ಕನಾವಾ ಕಣಿವೆಯಲ್ಲಿ ಉಪ್ಪಿನ ಬಾವಿಗಳನ್ನು ಕೊರೆಯುತ್ತಿದ್ದ ವಿಲಿಯಂ ಮಾರಿಸ್ ಎಂಬಾತ ಸರಪಣಿಯ ಎರಡು ಕೊಂಡಿಗಳಂತೆ ಒಂದರೊಳಗೊಂದು ಜಾರುವ ಸಾಧನಕ್ಕೆ ೧೮೪೧ರಲ್ಲಿ ಪೇಟೆಂಟನ್ನು ಪಡೆದ. ಪೆನ್ಸಿಲ್ವೇನಿಯದ ಟೈಟಸ್‌ವಿಲ್ಲಿನಲ್ಲಿ ಡ್ರೇಕನ ಪ್ರಸಿದ್ಧ ತೈಲಬಾವಿ ತೈಲ ಕಂಡದ್ದು ೧೮೫೯ರಲ್ಲಿ. ನಮ್ಮ ಅಸ್ಸಾಮಿನ ದಿಗ್ಬೋಯಿಯಲ್ಲಿ ಬಾವಿ ಕೊರೆಯಲಾರಂಭಿಸಿದ್ದು ೧೮೮೯ರಲ್ಲಿ. ಆ ಕಸುಬಿನವರು ಬಾವಿಯಲ್ಲಿ ಕಳೆದುಹೋದ ವಸ್ತುವನ್ನು ಇಂದಿಗೂ ‘ಫಿಶ್’, ಎಂದರೆ ಮೀನು, ಎಂದು ಕರೆಯುತ್ತಾರೆ. ಅದನ್ನು ತೆಗೆಯುವ ಕೆಲಸವೇ ‘ಫಿಶಿಂಗ್’. ಮೀನು ಹಿಡಿಯುವವನಿಗಿರಬೇಕಾದ ತಾಳ್ಮೆಯೇ ಇವರಿಗೂ ಬೇಕಾದುದರಿಂದ ಹೆಸರು ಉಚಿತವಾಗಿದೆ.

ತಂತಿ ಏಕೆ ಹರಿಯುತ್ತದೆ?

ಬಾವಿಗಳಲ್ಲಿ ಬಳಕೆಯಲ್ಲಿರುವ ತಂತಿಗಳಲ್ಲೊಂದರ ವ್ಯಾಸ ೦.೧೦೮ ಅಂಗುಲ, ಎಂದರೆ ಸುಮಾರು ೨.೭೪ ಮಿಲಿಮೀಟರು. ಅದರ ಅಡ್ಡಕೊಯ್ತದ ವಿಸ್ತೀರ್ಣ ೫.೯ ಚದರ ಮಿಲಿಮೀಟರು. ೩,೦೦೦ ಮೀಟರು ಉದ್ದದ ತಂತಿಯ ತೂಕ ಸುಮಾರು ೧೪೦ ಕಿಲೊಗ್ರಾಂ. ಚದರ ಮಿಲಿಮೀಟರಿಗೆ ೧೭೦ ಕಿಲೊಗ್ರಾಂ ಸೆಳೆತವನ್ನು ತಾಳುವ ಉಕ್ಕೆಂದು ಭಾವಿಸಿದರೆ, ಇಡೀ ತಂತಿಯು ೧,೦೦೦ ಕಿಲೊಗ್ರಾಂ ಭಾರವನ್ನು ಹೊರಬಲ್ಲುದು. ಅಷ್ಟು ಬಲವಿದ್ದೂ ಅದು ಹರಿಯುವುದೇಕೆ?

ತಂತಿಯು ತನ್ನ ಭಾರದಿಂದಲೇ ಹರಿಯುವುದೆ ಎಂಬುದನ್ನು ಮೊದಲು ನೋಡೋಣ. ಮೇಲಿನ ಲೆಕ್ಕದಂತೆ ಅದಕ್ಕೆ ೨೧ ಕಿಲೊಮೀಟರಿಗೂ ಹೆಚ್ಚಿನ ಉದ್ದ ಬೇಕು. ದಪ್ಪ ತಂತಿಯಾದರೂ ತೆಳು ತಂತಿಯಾದರೂ ಈ ಉದ್ದ ಒಂದೇ. ದಪ್ಪದೊಡನೆ ಭಾರವೂ ಬಲವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಎರಡು ಹೊಸ ವಿಜ್ಞಾನಗಳ ಗ್ರಂಥದಲ್ಲಿ ತಾಮ್ರದ ತಂತಿಯನ್ನು ಕುರಿತು ಇದೇ ವಿಚಾರವನ್ನು ಮಾಡಿದ್ದಾನೆ. ಆದ್ದರಿಂದ ಸ್ವಭಾರವು ಮುಖ್ಯ ಅಪರಾಧಿಯಲ್ಲ.

ಮುಖ್ಯ ಅಪರಾಧಿಗಳಲ್ಲೊಂದು ನಾವು ನಿರಪರಾಧಿಯೆಂದು ತಿಳಿದಿರುವ ರಾಟೆ. ತಂತಿಯು ರಾಟೆಯ ಮೇಲೆ ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉಕ್ಕಿನ ಯಂಗನ ಗುಣಾಂಕವನ್ನು ತಂತಿಯ ವ್ಯಾಸದಿಂದ ಗುಣಿಸಿ ರಾಟೆಯ ವ್ಯಾಸದಿಂದ ಭಾಗಿಸಿದರೆ ಹೊರಮೈಯಲ್ಲಿ ಹುಟ್ಟುವ ಪೀಡನವು ಸ್ಥೂಲವಾಗಿ ದೊರೆಯುತ್ತದೆ. ೧೬ ಅಂಗುಲದ, ಎಂದರೆ ೪೦೬ ಮಿಲಿಮೀಟರಿನ ರಾಟೆಗೆ ಅದು ಚದರ ಮಿಲಿಮೀಟರಿಗೆ ಸುಮಾರು ೧೩೫ ಕಿಲೊಗ್ರಾಂ ಆಗುತ್ತದೆ. ಏನೂ ಭಾರ ಹೊರದೆ ಬರಿದೆ ಬಾಗಿದ ಮಾತ್ರಕ್ಕೆ ತಂತಿಯ ಹೊರಮೈಯು ತನ್ನ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ವ್ಯಯಮಾಡಿಬಿಡುತ್ತದೆ! ಬಾವಿಗೆ ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ, ಪ್ರತಿ ರಾಟೆಯಲ್ಲಿಯೂ ಬಾಗುತ್ತ ನೆಟ್ಟಗಾಗುತ್ತ ಉಕ್ಕು ದಣಿಯುತ್ತದೆ. ಕೈಯಲ್ಲಿ ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿದಿರುವ ಯಾವ ಹುಡುಗನಿಗೂ ಇದು ಹೊಸದಲ್ಲ.

ಎರಡನೆಯ ಕಾರಣ ರಾಸಾಯನಿಕವಾದುದು. ಕೆಲವು ಬಾವಿಗಳ ಅನಿಲದಲ್ಲಿ ಹೈಡ್ರೊಜನ್ ಸಲ್ಫೈಡ್ ಇರುತ್ತದೆ. ಅದು ಉಕ್ಕಿನ ಮೇಲೆ ವರ್ತಿಸಿದಾಗ ಬಿಡುಗಡೆಯಾಗುವ ಹೈಡ್ರೊಜನ್ ಪರಮಾಣುಗಳು ಲೋಹದೊಳಕ್ಕೆ ನುಸುಳಿ ಅದನ್ನು ಗಾಜಿನಂತೆ ಪೆಡಸು ಮಾಡುತ್ತವೆ. ಮೂರನೆಯ ಕಾರಣ ಮನುಷ್ಯನ ಆತುರ. ಕವಾಟವನ್ನು ಥಟ್ಟನೆ ತೆರೆದರೆ ಮೇಲಕ್ಕೆ ನುಗ್ಗುವ ಅನಿಲವು ಉಪಕರಣವನ್ನೇ ಎತ್ತಿ ಎಸೆಯುತ್ತದೆ. ಸಡಿಲವಾದ ತಂತಿಯು ಕುಣಿಕೆ ಬಿದ್ದು ಗಂಟಾಗುತ್ತದೆ. ಸಿಕ್ಕಿಕೊಂಡ ಉಪಕರಣವನ್ನು ಬಲವಂತವಾಗಿ ಎಳೆಯುವುದೂ ಆತುರವೇ.

ಆದುದರಿಂದ ಎಚ್ಚರಿಕೆಯುಳ್ಳ ತಂಡಗಳು ಕಾಲಕಾಲಕ್ಕೆ ತಂತಿಯ ತುದಿಯ ಕೆಲವು ಮೀಟರುಗಳನ್ನು ಕತ್ತರಿಸಿ ಬಿಸಾಡುತ್ತವೆ. ಒಂದು ತುಂಡನ್ನು ಎರಡು ಕಡೆಯೂ ಹಿಡಿದು ತಿರುಚಿ, ಮುರಿಯುವ ಮುನ್ನ ಎಷ್ಟು ಸುತ್ತು ತಾಳಿತೆಂದು ಎಣಿಸುತ್ತವೆ. ಸುತ್ತುಗಳ ಸಂಖ್ಯೆ ಕುಗ್ಗಿತೆಂದರೆ ತಂತಿ ಮುದಿಯಾಯಿತೆಂದರ್ಥ.

ಹರಿದ ತುದಿ ಎಲ್ಲಿದೆ?

ತಂತಿ ಹರಿಯಿತೆಂದಿಟ್ಟುಕೊಳ್ಳೋಣ. ೩,೦೦೦ ಮೀಟರು ಆಳದಲ್ಲಿ ಸಿಕ್ಕಿಕೊಂಡ ಉಪಕರಣವನ್ನು ೪೦೦ ಕಿಲೊಗ್ರಾಂ ಬಲದಿಂದ ಎಳೆದರೆ, ಯಂಗನ ಗುಣಾಂಕದ ಲೆಕ್ಕದಂತೆ ತಂತಿ ಸುಮಾರು ೧೦ ಮೀಟರು ಹಿಗ್ಗುತ್ತದೆ. ಅಷ್ಟರಮಟ್ಟಿಗೆ ಅದೊಂದು ದೊಡ್ಡ ರಬ್ಬರ್ ಪಟ್ಟಿ. ಅದರಲ್ಲಿ ಅಡಗಿರುವ ಶಕ್ತಿಯು ಬಲದ ಅರ್ಧವನ್ನು ಹಿಗ್ಗಿನಿಂದ ಗುಣಿಸಿದಷ್ಟು, ಎಂದರೆ ೨,೦೦೦ ಕಿಲೊಗ್ರಾಂ-ಮೀಟರು. ೫೦ ಕಿಲೊಗ್ರಾಂ ತೂಗುವ ಒಬ್ಬ ವಿದ್ಯಾರ್ಥಿಯನ್ನು ೪೦ ಮೀಟರು ಎತ್ತರಕ್ಕೆ ಎತ್ತಲು ಇದು ಸಾಕು! ಬಿಗಿದ ತಂತಿಯ ಬಳಿ ನಿಲ್ಲಬಾರದೆಂಬ ನಿಯಮದ ಹಿಂದೆ ಈ ಲೆಕ್ಕವಿದೆ.

ಹರಿದ ಮೇಲೆ ಮೇಲಿನ ತುದಿ ಎಲ್ಲಿ ನಿಲ್ಲುತ್ತದೆ? ನೂಲಿನಂತೆ ಕುಸಿದು ತಳದಲ್ಲಿ ರಾಶಿಬೀಳುವುದೆಂದು ಅನೇಕರು ಊಹಿಸುತ್ತಾರೆ. ಹಾಗಾಗುವುದಿಲ್ಲ. ಉಕ್ಕಿನ ತಂತಿಯು ಬಿರುಸಾದುದು. ಸುತ್ತುಗಾಲಿಯ ಮೇಲೆ ಬಹುಕಾಲ ಸುತ್ತಿಟ್ಟಿದ್ದರಿಂದ ಸುರುಳಿಯ ಅಭ್ಯಾಸವೂ ಅದಕ್ಕುಂಟು. ಅದು ಕೊಳವೆಯ ಒಳಮೈಗೆ ಒರಗಿಕೊಂಡು, ಉದ್ದನೆಯ ಸುರುಳಿಯಾಗಿ, ಹೆಚ್ಚು ಕಡಮೆ ನಿಂತೇ ಇರುತ್ತದೆ. ಒಳಕೊಳವೆಯಲ್ಲಿ ಸುರುಳಿಯ ತ್ರಿಜ್ಯ ೧.೧ ಅಂಗುಲವೆಂದೂ, ೫ ಅಡಿಗೊಂದು ಸುತ್ತು ಬೀಳುವುದೆಂದೂ ಭಾವಿಸೋಣ. ಕೊಳವೆಯನ್ನು ಸೀಳಿ ಹಾಸಿದಂತೆ ಕಲ್ಪಿಸಿಕೊಂಡರೆ ಪ್ರತಿಯೊಂದು ಸುತ್ತೂ ಒಂದು ಲಂಬಕೋನ ತ್ರಿಭುಜದ ಕರ್ಣವಾಗುತ್ತದೆ. ಮುಂದಿನದು ಪೈಥಾಗೊರಸನ ಕೆಲಸ. ೧,೦೦೦ ಅಡಿ ತಂತಿಗೆ ತುದಿಯು ಸುಮಾರು ಆರೂವರೆ ಅಡಿ ಮಾತ್ರ ಕೆಳಗಿಳಿಯುತ್ತದೆ. ಅದೇ ಸುತ್ತನ್ನು ೩ ಅಂಗುಲ ತ್ರಿಜ್ಯದ ಅಗಲ ಕೊಳವೆಗೆ ಲೆಕ್ಕ ಹಾಕಿದರೆ ಇಳಿತವು ೪೬ ಅಡಿಯಾಗುತ್ತದೆ. ಇದು ನಮ್ಮ ಸರಳ ಲೆಕ್ಕ; ಕ್ಷೇತ್ರದಲ್ಲಿ ಅನುಭವದ ಕೋಷ್ಟಕಗಳಿರುತ್ತವೆ. ಆದರೂ ಹತ್ತನೆಯ ತರಗತಿಯ ರೇಖಾಗಣಿತವು ಭೂಮಿಯೊಳಗೆ ಕಾಣದ ವಸ್ತುವೊಂದರ ಸ್ಥಾನವನ್ನು ಸುಳಿವು ಕೊಟ್ಟು ಹೇಳುವುದು ಸಣ್ಣ ಸಂಗತಿಯಲ್ಲ.

ಈ ಲೆಕ್ಕದ ಮಹತ್ವ ಇಷ್ಟು: ತುದಿಯು ಎಲ್ಲಿದೆಯೆಂದು ತಿಳಿಯದೆ ಕೊಕ್ಕೆಯನ್ನು ತುದಿಗಿಂತ ಬಹಳ ಕೆಳಕ್ಕೆ ಇಳಿಸಿದರೆ, ಹಿಡಿದ ಜಾಗಕ್ಕಿಂತ ಮೇಲಿರುವ ತಂತಿಯೆಲ್ಲ ಉಪಕರಣದ ಮೇಲೆ ಗಂಟುಗಂಟಾಗಿ ಕೂಡಿಬಿಡುತ್ತದೆ. ಆಗ ಕೊಕ್ಕೆಯೂ ಬಾರದು, ತಂತಿಯೂ ಬಾರದು. ಬಾವಿಯಲ್ಲಿ ಒಂದು ಮೀನಿನ ಬದಲು ಎರಡಾಗುತ್ತವೆ. ಅಜ್ಜಿಯವರು ಹೇಳಿದ ಎರಡನೆಯ ಗರಡಿಯ ಮಾತು ಇದೇ.

ಹಿಡಿಯುವ ಸಾಧನಗಳು

ಮೊದಲು ಇಳಿಸುವುದು ತಂತಿಯನ್ನು ಹುಡುಕುವ ಸಾಧನವನ್ನು. ಅದರ ಕೆಳತುದಿಯು ಗಂಟೆಯ ಬಾಯಂತೆ ಅಗಲವಾಗಿದ್ದು, ಬಳುಕುವ ಲೋಹದ ಅಂಚು ಕೊಳವೆಯ ಒಳಮೈಗೆ ತಾಗಿಕೊಂಡು ಸಾಗುತ್ತದೆ. ತಂತಿಯ ತುದಿ ಪಕ್ಕದಿಂದ ನುಸುಳಿ ಮೇಲಕ್ಕೆ ಹೋಗದಂತೆ ತಡೆಯುವುದು ಆ ಅಂಚಿನ ಕೆಲಸ. ಅದು ತುದಿಯನ್ನು ಮುಟ್ಟಿದಾಗ ಮೇಲಿರುವ ತೂಕಮಾಪಕದಲ್ಲಿ ಭಾರ ಕೊಂಚ ಕಡಮೆಯಾಗುತ್ತದೆ. ಅಷ್ಟೇ ಸುಳಿವು. ಮೆಲ್ಲನೆ ಒತ್ತಿ ತುದಿಯನ್ನು ಬಾಗಿಸಿ, ಕೊಕ್ಕೆಗೆ ಸಿಗುವಂತಹ ಉಂಡೆಯನ್ನಾಗಿ ಮಾಡುತ್ತಾರೆ.

ಬಳಿಕ ಇಳಿಯುವುದು ಕೊಕ್ಕೆ. ಇದು ಪಾತಾಳಗರಡಿಯ ಸೋದರ. ಒಂದು ಬಗೆಯಲ್ಲಿ ಎರಡು ಕವಲುಗಳಿದ್ದು ಮುಳ್ಳುಗಳು ಒಳಮುಖವಾಗಿರುತ್ತವೆ. ಇನ್ನೊಂದರಲ್ಲಿ ನಡುವೆ ಒಂದೇ ಸಲಾಕೆಯಿದ್ದು ಮುಳ್ಳುಗಳು ಹೊರಮುಖವಾಗಿರುತ್ತವೆ. ತುದಿಯ ಸ್ಥಿತಿ ತಿಳಿಯದಿದ್ದರೆ ತಳದಲ್ಲಿ ಮೆತ್ತನೆಯ ಸೀಸವನ್ನು ತುಂಬಿದ ಗುಂಡನ್ನು ಇಳಿಸಿ ಒತ್ತಿ, ಮೇಲಕ್ಕೆ ತಂದು, ಸೀಸದ ಮೇಲೆ ಮೂಡಿದ ಅಚ್ಚನ್ನು ಓದುತ್ತಾರೆ. ಬಾವಿಗೆ ಇಳಿಸಬಲ್ಲ ಕ್ಯಾಮರಾಗಳು ಇಂದು ಉಂಟು. ಆದರೆ ಕಪ್ಪು ತೈಲದಲ್ಲಿ ಬೆಳಕು ಹಾಯದು. ಆದ್ದರಿಂದ ಸೀಸದ ಅಚ್ಚು ಇನ್ನೂ ನಿವೃತ್ತಿ ಹೊಂದಿಲ್ಲ.

ಹಿಡಿತ ಸಿಕ್ಕ ಮೇಲೂ ಮೀನು ಬಾರದಿದ್ದರೆ? ಎಳೆಯುವ ತಂತಿಯೂ ಒಂದು ಟನ್ನಿಗೆ ಹರಿಯತಕ್ಕದ್ದೇ. ಇಲ್ಲಿ ಮಾರಿಸನ ಜಾರುವ ಕೊಂಡಿಗಳು ನೆರವಾಗುತ್ತವೆ. ಕೊಂಡಿಯ ಮೇಲ್ಭಾಗದಲ್ಲಿ ೨೫ ಕಿಲೊಗ್ರಾಂ ತೂಕದ ಸಲಾಕೆಯಿದೆ. ಅದು ಸೆಕೆಂಡಿಗೆ ೩ ಮೀಟರು ವೇಗದಲ್ಲಿ ಮೇಲೆದ್ದು ಕೊಂಡಿಯ ತುದಿಗೆ ಬಡಿದು ೨ ಮಿಲಿಮೀಟರಿನೊಳಗೆ ನಿಂತಿತೆಂದು ಭಾವಿಸಿ. ಚಲನಶಕ್ತಿಯನ್ನು ಆ ದೂರದಿಂದ ಭಾಗಿಸಿದರೆ ಹೊಡೆತದ ಸರಾಸರಿ ಬಲವು ಐದೂವರೆ ಟನ್ನನ್ನೂ ಮೀರುತ್ತದೆ. ಒಂದು ಟನ್ನಿನ ತಂತಿಯಿಂದ ಐದು ಟನ್ನಿನ ಹೊಡೆತ! ಕೈಯಿಂದ ಒತ್ತಿದರೆ ಇಳಿಯದ ಮೊಳೆಯು ಸುತ್ತಿಗೆಯ ಪೆಟ್ಟಿಗೆ ಇಳಿಯುವುದೂ ಇದೇ ತತ್ತ್ವದಿಂದ. ಆ ಪೆಟ್ಟಿನ ಸುದ್ದಿ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು ೫,೦೦೦ ಮೀಟರು ವೇಗದಲ್ಲಿ ಸಾಗಿ, ಅರ್ಧ ಸೆಕೆಂಡಿಗೆ ತುಸು ಹೆಚ್ಚಿನ ಕಾಲದಲ್ಲಿ ಮೇಲೆ ನಿಂತವನ ಕೈಗೆ ತಲಪುತ್ತದೆ.

ಆದರೆ ನಮ್ಮ ವಿದ್ಯಾರ್ಥಿಯು ಹೆಚ್ಚು ಒತ್ತಿ ಹೇಳಿದ್ದು ಈ ಉಕ್ಕಿನ ಸಾಧನಗಳನ್ನು ಕುರಿತಲ್ಲ, ಮೂರು ನಿಯಮಗಳನ್ನು ಕುರಿತು. ಮೊದಲನೆಯದು, ಬಾವಿಗೆ ಇಳಿಸುವ ಪ್ರತಿಯೊಂದು ವಸ್ತುವಿನ ಉದ್ದ, ವ್ಯಾಸ, ಹಿಡಿಯಬಹುದಾದ ಕತ್ತಿನ ಅಳತೆಗಳನ್ನು ಇಳಿಸುವ ಮುನ್ನವೇ ಚಿತ್ರಸಹಿತ ಬರೆದಿಡಬೇಕು. ಮುಳುಗಿದ ಮೇಲೆ ಅಳೆಯಲು ಯಾರಿಂದ ಸಾಧ್ಯ? ಎರಡನೆಯದು, ಬಿಡಿಸಿಕೊಳ್ಳಲಾಗದ ಹಿಡಿತವನ್ನು ಹಿಡಿಯಬಾರದು. ಕೊನೆಗೆ ತಾನಾಗಿ ಕಳಚಿಕೊಳ್ಳುವ ಏರ್ಪಾಡು ಸಾಧ್ಯವಿದ್ದಲ್ಲೆಲ್ಲ ಇರಬೇಕು. ಮೂರನೆಯದು, ಎಲ್ಲಿ ಮುರಿಯಬೇಕೆಂಬುದನ್ನು ಮೊದಲೇ ನಾವು ನಿರ್ಧರಿಸಬೇಕು. ವಿದ್ಯುತ್ ಕೇಬಲಿನ ತಲೆಯಲ್ಲಿ ಬೇಕೆಂದೇ ಒಂದು ದುರ್ಬಲ ಜಾಗವನ್ನು ಇಟ್ಟಿರುತ್ತಾರೆ. ಉಪಕರಣವು ಸಿಕ್ಕಿಕೊಂಡಾಗ ಕೇಬಲು ನಡುವೆಲ್ಲೋ ಹರಿಯದೆ ಅಲ್ಲಿಯೇ ಕಳಚುತ್ತದೆ. ಕೇಬಲಿನ ಉದ್ದವೆಲ್ಲ ಕೈಗೆ ಬರುತ್ತದೆ, ಕೆಳಗೆ ಉಳಿಯುವುದು ಅಳತೆ ತಿಳಿದ ಒಂದು ಕತ್ತು ಮಾತ್ರ.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಹರಿದ ತಂತಿಯು ಕವಾಟದ ಬಾಯಲ್ಲಿ ಅಡ್ಡ ನಿಂತಿತೆಂದರೆ ಕವಾಟ ಮುಚ್ಚದು. ಅನಿಲ ನುಗ್ಗುವಾಗ ಮುಚ್ಚದ ಬಾವಿಯು ಮೇಲಿರುವವರ ಪ್ರಾಣಕ್ಕೆ ಎರವಾಗಬಲ್ಲುದು. ಶಿಲೆಗಳ ಸಾಂದ್ರತೆಯನ್ನೂ ರಂಧ್ರಮಯತೆಯನ್ನೂ ಅಳೆಯುವ ಕೆಲವು ಉಪಕರಣಗಳಲ್ಲಿ ಸೀಸಿಯಂ-೧೩೭, ಅಮೆರಿಸಿಯಂ ಮೊದಲಾದ ವಿಕಿರಣಶೀಲ ವಸ್ತುಗಳಿರುತ್ತವೆ. ಅಂತಹುದು ಕಳೆದರೆ ತೆಗೆಯಲು ಯತ್ನಿಸಲೇಬೇಕು. ತೆಗೆಯಲಾಗದಿದ್ದರೆ, ಅಮೆರಿಕದ ನಿಯಮದಂತೆ, ಬಣ್ಣ ಬೆರೆಸಿದ ಸಿಮೆಂಟಿನಿಂದ ಅದನ್ನು ಹುದುಗಿಸಿ, ಮುಂದೆ ಯಾರೂ ಅರಿಯದೆ ಅದರೊಳಕ್ಕೆ ಕೊರೆಯದಂತೆ ತಡೆಯನ್ನಿಟ್ಟು, ಬಾವಿಯ ಬಾಯಲ್ಲಿ ಶಾಶ್ವತವಾದ ಎಚ್ಚರಿಕೆಯ ಫಲಕವನ್ನು ಹಾಕಬೇಕು. ಸೋಲನ್ನು ಒಪ್ಪಿಕೊಳ್ಳುವುದಕ್ಕೂ ಅಲ್ಲಿ ಒಂದು ಕ್ರಮವುಂಟು. ರಷ್ಯದ ಕೋಲಾ ಪರ್ಯಾಯದ್ವೀಪದ ಆಳಬಾವಿಯಲ್ಲಿ ೧೯೮೪ರಲ್ಲಿ ಸುಮಾರು ೫ ಕಿಲೊಮೀಟರು ಉದ್ದದ ಕೊರೆಕೊಳವೆ ತುಂಡಾಗಿ ಉಳಿಯಿತು. ಅದನ್ನು ಅಲ್ಲಿಯೇ ಬಿಟ್ಟು, ಸುಮಾರು ೭ ಕಿಲೊಮೀಟರು ಆಳದಿಂದ ಪಕ್ಕಕ್ಕೆ ಹೊಸ ದಾರಿ ತೆಗೆದ ಮೇಲೆ, ೧೯೮೯ರಲ್ಲಿ ೧೨,೨೬೨ ಮೀಟರು ಆಳವನ್ನು ಮುಟ್ಟಿದರು.

ನಮ್ಮ ಪ್ರಯೋಗಶಾಲೆಗಳ ಮಾತು

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಂಗನ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗ ನಡೆಯುತ್ತಿದ್ದಾಗ ಒಬ್ಬ ಹುಡುಗನ ತಂತಿ ಹರಿಯಿತು. ತೂಕಗಳು ನೆಲಕ್ಕೆ ಬಿದ್ದ ಸದ್ದಿಗೆ ಎಲ್ಲರೂ ನಕ್ಕರು. ಹುಡುಗ ಬೆವೆತುಹೋದ. ತುಂಡುಗಳು ಕಸದ ಬುಟ್ಟಿಗೆ ಸೇರಿದವು. ಮರುವಾರ ಅವನು ತಂದ ದಾಖಲೆ ಪುಸ್ತಕದಲ್ಲಿ ಪ್ರಯೋಗವು ನಿರ್ವಿಘ್ನವಾಗಿ ಮುಗಿದಿತ್ತು. ಅಂಕೆಗಳು ಪಕ್ಕದ ಮೇಜಿನವನ ಅಂಕೆಗಳೇ ಆಗಿದ್ದವು. ನಾವು ಅದನ್ನು ಕಂಡೆವು. ಪರೀಕ್ಷೆ ಹತ್ತಿರವಿತ್ತು, ಸಹಿಗಾಗಿ ನಲವತ್ತು ಪುಸ್ತಕಗಳು ಕಾದಿದ್ದವು. ಸಹಿ ಹಾಕಿಬಿಟ್ಟೆವು.

ಅಂದು ತಪ್ಪಿದವನು ಹುಡುಗನಲ್ಲ, ನಾವು. ಆ ತುಂಡು ತಂತಿಯು ಎಲ್ಲಿ ಹರಿಯಿತು, ಹಿಡಿಕೆಯ ಬಳಿಯಲ್ಲೋ ನಡುವೆಯೋ? ಹರಿದ ತುದಿ ಸಣ್ಣಗೆ ಎಳೆದು ಮೊನಚಾಗಿತ್ತೋ, ಪೆಡಸಾಗಿ ಸಪಾಟಾಗಿತ್ತೋ? ಅಲ್ಲಿ ಹಳೆಯ ಮಡಿಕೆಯ ಗುರುತಿತ್ತೋ? ಇಷ್ಟನ್ನು ಕೇಳಿದ್ದರೆ ಪುಸ್ತಕದ ಹತ್ತು ಪುಟಗಳಲ್ಲಿಲ್ಲದ ವಿದ್ಯೆಯನ್ನು ಅವನು ಕಲಿಯುತ್ತಿದ್ದ. ನಾವು ಅವನಿಗೆ ಕಲಿಸಿದ್ದು, ಮುರಿದದ್ದನ್ನು ಮುಚ್ಚಿಡಬೇಕೆಂಬ ಪಾಠವನ್ನು. ಇಂತಹ ಹುಡುಗ ಮುಂದೆ ತೈಲಬಾವಿಯ ಬಳಿ ನಿಂತು, ತಂತಿಯಲ್ಲಿ ಕಂಡ ಸಣ್ಣ ಮಡಿಕೆಯನ್ನು ಹೇಳಲು ನಾಚಿದರೆ ಯಾರನ್ನು ದೂರೋಣ?

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ. ವಿಜ್ಞಾನ ಶಿಕ್ಷಣದಲ್ಲಿ ವೈಫಲ್ಯಕ್ಕೆ ಗೌರವದ ಸ್ಥಾನ ದೊರೆಯಬೇಕು. ಪ್ರಯೋಗದಲ್ಲಿ ಮುರಿದದ್ದನ್ನೂ ತಪ್ಪಿದ್ದನ್ನೂ ಪ್ರಾಮಾಣಿಕವಾಗಿ ಬರೆದು ಕಾರಣವನ್ನು ವಿಚಾರಿಸಿದ ವಿದ್ಯಾರ್ಥಿಗೆ, ಸರಿಯಾದ ಉತ್ತರ ಬಂದವನಿಗೆ ಕೊಡುವಷ್ಟೇ ಅಂಕಗಳನ್ನು ಕೊಡಬೇಕು. ಪ್ರತಿಯೊಂದು ಪ್ರಯೋಗಶಾಲೆಯಲ್ಲಿಯೂ ಹರಿದ ತಂತಿ, ಸುಟ್ಟ ಸುರುಳಿ, ಒಡೆದ ಮಸೂರಗಳನ್ನು ತೇದಿಸಹಿತ ಚೀಟಿ ಅಂಟಿಸಿಟ್ಟ ಒಂದು ಪೆಟ್ಟಿಗೆ ಇರಬೇಕು. ಮೌಖಿಕ ಪರೀಕ್ಷೆಯಲ್ಲಿ,  “ಈ ಉಪಕರಣದಲ್ಲಿ ಮೊದಲು ಮುರಿಯುವ ಜಾಗ ಯಾವುದು? ಮುರಿದರೆ ಏನು ಮಾಡುವೆ?” ಎಂಬ ಪ್ರಶ್ನೆಯೊಂದು ತಪ್ಪದೆ ಇರಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಇದು ಕಸುಬುದಾರರ ವಿದ್ಯೆ, ಕಾಲೇಜಿನ ವಿಜ್ಞಾನವಲ್ಲ ಎನ್ನುವರು ಕೆಲವರು. ಹೀರು ಪಂಪು ಒಂದು ಮಿತಿಗಿಂತ ಮೇಲಕ್ಕೆ ನೀರನ್ನೆತ್ತದೆಂಬ ಕೆಲಸಗಾರರ ಅನುಭವವನ್ನು ಗೆಲಿಲಿಯೋ ಮೇಲೆ ಹೇಳಿದ ಗ್ರಂಥದಲ್ಲಿಯೇ ಚರ್ಚಿಸಿದ್ದಾನೆ. ಅದೇ ಪ್ರಶ್ನೆಯ ಬೆನ್ನು ಹತ್ತಿ ಅವನ ಶಿಷ್ಯ ಟಾರಿಚೆಲ್ಲಿ ವಾಯುಭಾರಮಾಪಕಕ್ಕೆ ಬಂದ. ಕಸುಬುದಾರನ ಸೋಲನ್ನು ಗೆಲಿಲಿಯೋ ಕಡೆಗಣಿಸಲಿಲ್ಲ, ನಾವೇಕೆ ಕಡೆಗಣಿಸಬೇಕು?

ಕರ್ಣಾಟಕದ ವಿದ್ಯಾರ್ಥಿಗೆ ತೈಲಬಾವಿಯ ಗೊಡವೆ ಏಕೆ ಎನ್ನುವವರು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಒಮ್ಮೆ ಹೋಗಿಬರಲಿ. ಅಲ್ಲಿನ ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ಮೀರಿವೆ. ಕೊಳವೆ ಕಳಚಿ ಮೋಟಾರು ಒಳಗೆ ಬಿದ್ದರೆ ರೈತನ ವರ್ಷದ ಸಂಪಾದನೆಯೇ ಬಿದ್ದಂತೆ. ಅದನ್ನೆತ್ತುವ ಮಿಸ್ತ್ರಿಗಳು ತಾವೇ ಮಾಡಿಸಿಕೊಂಡ ಕೊಕ್ಕೆಗಳಿಂದ, ಹಗ್ಗದ ಬಿಗಿತವನ್ನು ಬೆರಳಲ್ಲಿ ಅರಿಯುತ್ತ ಮಾಡುವ ಕೆಲಸವು ಗುಜರಾತಿನ ತೈಲಕ್ಷೇತ್ರದ ಕೆಲಸದ ತಮ್ಮನೇ ಸರಿ. ಭೌತವಿಜ್ಞಾನದ ತರಗತಿಯು ವರ್ಷಕ್ಕೊಮ್ಮೆ ಅಂತಹ ಬಾವಿಯ ಬಳಿ ಕುಳಿತರೆ ಪಾಠಕ್ಕೆ ನಷ್ಟವಿಲ್ಲ.

ಪಠ್ಯಕ್ರಮಕ್ಕೆ ಸಮಯವಿಲ್ಲವೆಂಬ ಮೂರನೆಯ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆ ಸಮಯದ ಅಭಾವದಿಂದಲೇ ನಾವು ಅಂದು ಸಹಿ ಹಾಕಿದ್ದು. ಆದರೆ ಹೊಸ ಪಾಠವನ್ನು ಸೇರಿಸಬೇಕೆಂದು ನಾವು ಕೇಳುತ್ತಿಲ್ಲ. ಯಂಗನ ಗುಣಾಂಕ, ಚಲನಶಕ್ತಿ, ಪೈಥಾಗೊರಸನ ಪ್ರಮೇಯ, ಇವು ಈಗಾಗಲೇ ಪಠ್ಯದಲ್ಲಿವೆ. ಅದೇ ತಂತಿಯ ಹರಿದ ತುದಿಯನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಎನ್ನುತ್ತೇವೆ, ಅಷ್ಟೆ.

ತರುಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟು. ಈ ವರ್ಷ ನಿಮ್ಮ ಕೈಯಲ್ಲಿ ಏನಾದರೂ ಮುರಿದರೆ ಅದನ್ನು ಬುಟ್ಟಿಗೆ ಹಾಕುವ ಮುನ್ನ ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ನಾಲ್ಕು ಸಾಲು ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ. ಅವರು ಮೊದಲು ಗದರಿಸಿದರೂ ಚಿಂತೆಯಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಪೆಟ್ಟಿಗೆಯೊಂದನ್ನು ಈಗಾಗಲೇ ಇಟ್ಟಿದ್ದೇವೆ. ಅದರಲ್ಲಿ ಮೂರು ತುಂಡು ತಂತಿಗಳು ಬಂದು ಸೇರಿವೆ. ಒಂದರ ಚೀಟಿಯ ಮೇಲೆ ನಮ್ಮದೇ ಹೆಸರಿದೆ.